ಕಾಳುಮೆಣಸು ಬಿದ್ದ ದಳ

“ಒಬ್ಬನೂ ಸತ್ತಿಲ್ಲ, ಒಬ್ಬನಿಗೂ ಗಾಯ ಆಗಿಲ್ಲ. ಮತ್ಯಾಕೆ ಇವ್ರು ಮುಂದೆ ಹೋಗಲ್ಲ?” ಎಂದು ನಾನು ಸುಬೇದಾರರ ಮೇಲೆ ರೇಗಿದ್ದೆ.

ನಮ್ಮ ಊಟದ ಮೇಜಿನ ಮೇಲೆ ಅವರು ಒಂದು ಪ್ಲೈವುಡ್ ಹಲಗೆ ಹಾಸಿದ್ದರು. ಅದಕ್ಕೆ ಹಸಿರು ಬಣ್ಣ ಬಳಿದು, ಕಾಫಿ ಗಿಡದಿಂದ ಕೆರೆದು ತಂದ ಪಾಚಿಯನ್ನು ಪೊದೆಗಳೆಂದು ಅಂಟಿಸಿ, ಬೆಂಕಿಪೊಟ್ಟಣಗಳಿಂದ ಮೂರ್ನಾಲ್ಕು ಮನೆ, ಕಡ್ಡಿಗಳಿಂದ ಒಂದು ಸೇತುವೆ ಕಟ್ಟಿದ್ದರು. ಹಲಗೆಯ ಆ ಕಡೆ ಅವರ ಸೀಸದ ಸೈನಿಕರು, ಈ ಕಡೆ ನನ್ನವರು. ಒಬ್ಬೊಬ್ಬನೂ ನನ್ನ ಕಿರುಬೆರಳಿನ ತುದಿಯಷ್ಟು. ನಾನು ಒಂದು ದಳವನ್ನು ಬೆಂಕಿಪೊಟ್ಟಣದ ಮನೆಯತ್ತ ನುಗ್ಗಿಸಬೇಕೆಂದಿದ್ದೆ. ಅವರು ದಾಳ ಹಾಕಿ ನನ್ನ ದಳದ ಮೇಲೆ ಗುಂಡು ಹಾರಿಸಿದರು. ಒಂದೂ ತಗುಲಲಿಲ್ಲ. ನಾನು ಖುಷಿಪಡುವಷ್ಟರಲ್ಲಿ ಸ್ಟೀಲಿನ ಬಟ್ಟಲಿನಿಂದ ಎರಡು ಕಾಳುಮೆಣಸು ತೆಗೆದು ನನ್ನವರ ಪಕ್ಕದಲ್ಲಿಟ್ಟರು. ಇನ್ನು ಇವರು ಮುಂದೆ ಹೋಗುವ ಹಾಗಿಲ್ಲ ಎಂದರು.

“ಗುಂಡು ತಾಗಿಲ್ಲ ಸರಿ. ಕಿವಿ ಪಕ್ಕದಲ್ಲಿ ಹೋಗಿದೆಯಲ್ಲ ಅಮ್ಮ,” ಎಂದರು ಸುಬೇದಾರರು. “ಈಗ ಅವರು ತಲೆ ತಗ್ಗಿಸಿ ಮಲಗಿದ್ದಾರೆ. ನೀನು ಎಂತ ಹೇಳಿದ್ರೂ ಅವರಿಗೆ ಕೇಳುವುದಿಲ್ಲ.”

“ನಾನು ಇವ್ರ ಯಜಮಾನಿ. ಏಳಿ ಅಂದ್ರೆ ಏಳ್ಬೇಕು.”

“ಹೇಳಿ ನೋಡು,” ಎಂದು ಅವರು ನಕ್ಕರು.

ನಾನು ನಗಲಿಲ್ಲ. ಬಾಗಿಲ ಆಚೆ, ಒಳಕೋಣೆಯ ಮಂಚದ ಮೇಲೆ ನಮ್ಮ ಯಜಮಾನರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಏಳಿ, ಏಳಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿ ಆಗಲೇ ಎಷ್ಟೋ ದಿನವಾಗಿತ್ತು.

ಇವರು ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಕೆಲಸದವರ ಹಾಜರಿ ತೆಗೆದು, ಯಾವ ಬ್ಲಾಕಿಗೆ ಯಾರು ಎಂದು ಹಂಚಿ, ಸಂಜೆ ಕೊಯ್ದ ಹಣ್ಣು ತೂಗಿಸುವವರೆಗೆ ಇವರ ಕಾಲಿಗೆ ಬಿಡುವಿರುತ್ತಿರಲಿಲ್ಲ. ನಾವಿದ್ದದ್ದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನಾನು ಹಾಕಿದ ಬಸಳೆ ಚಪ್ಪರ. ಮಕ್ಕಳಿಲ್ಲದ ನಮಗೆ ಅದೇ ದೊಡ್ಡ ಮನೆ. ನನ್ನದು ಹಾಸನದ ಗಡಿಗೆ ತಾಗಿದ ಉತ್ತರ ಕೊಡಗು. ಅಲ್ಲಿಂದ ಮದುವೆಯಾಗಿ ಬಂದವಳು ಈ ಮನೆಯಲ್ಲೇ ನನ್ನ ಬಾಯಿ ಬಲಿಸಿಕೊಂಡೆ ಎಂದು ಇವರು ತಮಾಷೆ ಮಾಡುತ್ತಿದ್ದರು. ಬಾಯಿ ಮೊದಲೇ ಬಲಿತಿತ್ತು, ಇವರಿಗೆ ತಡವಾಗಿ ಗೊತ್ತಾಯಿತು ಅಷ್ಟೆ.

ನಮ್ಮ ಕಡೆ ತೋಟಗಳಲ್ಲಿ ಆನೆ ಎಂದರೆ ಈಗ ವಿಶೇಷವೇನಲ್ಲ. ಹಲಸಿನ ಹಣ್ಣಿಗೆ ಬರುತ್ತವೆ, ನೀರಿಗೆ ಬರುತ್ತವೆ, ಕೆಲವು ಹೋಗುವುದೇ ಇಲ್ಲ. ಅದಕ್ಕೆ ಎಸ್ಟೇಟಿನಲ್ಲಿ ಒಂದು ಪದ್ಧತಿ ಇದೆ. ಕೆಲಸದವರು ಬ್ಲಾಕಿಗೆ ಇಳಿಯುವ ಮುಂಚೆ ವಾಚರ್ ಹೋಗಿ ಗರ್ನಾಲು ಹೊಡೆಯುತ್ತಾನೆ. ದೊಡ್ಡ ಪಟಾಕಿ, ಎದೆ ನಡುಗುವಂಥ ಸದ್ದು. ಆಮೇಲೆ ಎಲ್ಲರೂ ಸುಮ್ಮನೆ ನಿಂತು ಕಿವಿಗೊಡುತ್ತಾರೆ. ಕೊಂಬೆ ಮುರಿಯುವ ಸದ್ದಿಲ್ಲ, ಘೀಳಿಲ್ಲ ಎಂದರೆ, ವಾಚರ್ ‘ಹೋಯ್ತು’ ಎನ್ನುತ್ತಾನೆ. ಆ ಒಂದು ಮಾತಿನ ಮೇಲೆ ಇಡೀ ಪಿಕಿಂಗ್ ನಡೆಯುತ್ತದೆ.

ಅರೇಬಿಕಾ ಕೊಯ್ಲಿನ ಒಂದು ಬೆಳಿಗ್ಗೆ ವಾಚರ್ ಹಾಗೆಯೇ ಹೇಳಿದ. ಇವರು ಎಲ್ಲರಿಗಿಂತ ಮುಂದೆ ಬ್ಲಾಕಿಗೆ ಇಳಿದರು. ಒಂಟಿ ಸಲಗ ಅಲ್ಲೇ ಇತ್ತು. ಅಟ್ಟಿಸಿಕೊಂಡು ಬಂತು. ಇವರು ತೋಟದ ಚರಂಡಿಗೆ ಬಿದ್ದು ಮುಖ ಅಡಿ ಮಾಡಿ ಮಲಗಿದರಂತೆ. ಅದು ಬಂದು ಚರಂಡಿಯ ಅಂಚಿನಲ್ಲಿ ನಿಂತಿತ್ತಂತೆ, ನಿಂತು ಆಮೇಲೆ ಹೋಯಿತಂತೆ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ನಡೆದುಕೊಂಡೇ ಮನೆಗೆ ಬಂದರು, ಕಾಫಿ ಕುಡಿದರು. ನಾನು ದೇವರ ಮುಂದೆ ದೀಪ ಹಚ್ಚಿ, ಬದುಕಿ ಬಂದರಲ್ಲ ಎಂದು ಅತ್ತೆ.

ಮರುದಿನ ಬೂಟು ಹಾಕಿಕೊಂಡು ಹೊಸ್ತಿಲವರೆಗೆ ಬಂದು ಅಲ್ಲೇ ಕೂತುಬಿಟ್ಟರು. ಹಾಜರಿಯ ಗಂಟೆ ಹೊಡೆಯಿತು, ಏಳಲಿಲ್ಲ. ಬಿಸಿಲು ಹೊಸ್ತಿಲಿಗೆ ಬಂದು ಹೋಯಿತು, ಏಳಲಿಲ್ಲ. ನಾನೇ ಬೂಟಿನ ಲೇಸು ಬಿಚ್ಚಿ ಒಳಗೆ ಕರೆದುಕೊಂಡು ಹೋದೆ. ಅಂದು ಮಲಗಿದವರು ಸ್ನಾನಕ್ಕೆ, ಊಟಕ್ಕೆ ಬಿಟ್ಟರೆ ಏಳುತ್ತಿರಲಿಲ್ಲ. ಅಂಗಳದ ಆಚೆ ಒಂದು ಹೆಜ್ಜೆಯಿಲ್ಲ.

ನಾನು ಮಾಡದ್ದೇನು? ಡಾಕ್ಟರು ಮಾತ್ರೆ ಕೊಟ್ಟರು, ನಿದ್ದೆ ಬಂತು, ಎದ್ದ ಮೇಲೆ ಮತ್ತೆ ಅದೇ ಗೋಡೆ. ಗುಡಿಯಿಂದ ದಾರ ತಂದು ಕಟ್ಟಿದೆ. ಮೊದಲು ಸಮಾಧಾನ ಹೇಳಿದೆ, ಆಮೇಲೆ ಗೋಗರೆದೆ, ಆಮೇಲೆ ಬೈದೆ. “ಆನೆ ನಿಮ್ಮನ್ನ ಮುಟ್ಟೇ ಇಲ್ಲ ಕಣ್ರೀ! ಮುಟ್ಟಿದ್ರೆ ಆಸ್ಪತ್ರೆಗಾದ್ರೂ ಸೇರಿಸ್ತಿದ್ದೆ!” ಎಂದು ಒಂದು ದಿನ ಕಿರುಚಿದೆ. ಕೈಲಾಗದವಳು ಮೈ ಪರಚಿಕೊಂಡ ಹಾಗೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆಯುತ್ತಿದ್ದೆ.

ಎಸ್ಟೇಟಿನ ಸಾಹುಕಾರರು ಕೆಟ್ಟವರಲ್ಲ. ಒಂದು ಸಂಜೆ ಜೀಪು ನಿಲ್ಲಿಸಿ ಅಂಗಳದಲ್ಲೇ ನಿಂತು ಹೇಳಿದರು: “ರೋಬಸ್ಟಾ ಕೊಯ್ಲು ಶುರುವಾಗುವವರೆಗೆ ನೋಡ್ತೇನೆ. ಅಷ್ಟೊತ್ತಿಗೆ ಬರದಿದ್ರೆ ಬೇರೆ ರೈಟರ್ ಬೇಕಾಗ್ತದೆ. ಬಂದವನಿಗೆ ಮನೆಯೂ ಬೇಕಲ್ಲಮ್ಮ.” ಅವರು ಕಾಫಿ ಕುಡಿಯದೆ ಹೋದರು. ನಾನು ಹೋಗಿ ಬಸಳೆ ಚಪ್ಪರದ ಹಣ್ಣೆಲೆ ಕೀಳುತ್ತ ನಿಂತೆ. ತವರಿನಲ್ಲಿ ತಮ್ಮನ ಸಂಸಾರಕ್ಕೇ ಜಾಗ ಸಾಲದು. ಇಂಥ ಸ್ಥಿತಿಯಲ್ಲಿರುವ ಗಂಡನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಸುಬೇದಾರರು ನಮ್ಮ ಎಸ್ಟೇಟಿನ ಬೇಲಿಯಾಚೆಯ ಸಣ್ಣ ತೋಟದವರು. ಸೇನೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಈ ಆಟದ ಹುಚ್ಚು ಹತ್ತಿತ್ತು. ಸೀಸದ ಪುಟ್ಟ ಸೈನಿಕರನ್ನು ಪಾರ್ಸೆಲಿನಲ್ಲಿ ತರಿಸಿ, ಭೂತಗನ್ನಡಿ ಹಿಡಿದು ಅವರ ಅಂಗಿಗೆ, ಟೋಪಿಗೆ, ಹುಬ್ಬಿಗೂ ಬಣ್ಣ ಹಚ್ಚುತ್ತಿದ್ದರು. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ ಎಂದು ನಾನೂ ಇವರೂ ನಗುತ್ತಿದ್ದೆವು. ಮೊದಲು ಇವರೇ ಭಾನುವಾರ ಅವರ ಮನೆಗೆ ಹೋಗಿ ಒಂದೆರಡು ಸಲ ಆಡಿದ್ದರು. ಈಗ ಇವರು ಹೋಗುವುದಿಲ್ಲವೆಂದು ಸುಬೇದಾರರೇ ಹಲಗೆಯನ್ನು ತಲೆಯ ಮೇಲೆ ಹೊತ್ತು, ಸೈನಿಕರಿದ್ದ ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಇವರು ಮಂಚ ಬಿಟ್ಟು ಏಳಲಿಲ್ಲ. ಎದುರಾಳಿ ಬೇಕಲ್ಲ, ಹಾಗಾಗಿ ನಾನು ಕೂತೆ. ಮನೆಗೆ ಬಂದವರನ್ನು ಹಾಗೇ ಕಳಿಸುವುದು ಹೇಗೆ?

ಅವತ್ತು ನಾನು ಸೋತ ರೀತಿ ನೆನೆದರೆ ಈಗಲೂ ಮೈಯುರಿಯುತ್ತದೆ. ಪ್ರತಿ ಪಕ್ಷಕ್ಕೂ ಒಬ್ಬ ನಾಯಕ ಇರುತ್ತಾನೆ. ನನ್ನವನು ಕೈ ಎತ್ತಿ ಬಾಯಿ ತೆರೆದು ನಿಂತಿದ್ದ. ಥೇಟ್ ನನ್ನ ಹಾಗೆಯೇ ಎಂದು ಸುಬೇದಾರರು ಹೇಳಲಿಲ್ಲ, ನಾನೇ ಅಂದುಕೊಂಡೆ. ಕಾಳು ಬಿದ್ದ ದಳ ಹಾಳಾಗಿ ಹೋಗಲಿ, ಕೆಲಸಕ್ಕೆ ಬಾರದವರು ಎಂದು ಅವರನ್ನು ಸೇತುವೆಯ ಬಳಿಯೇ ಬಿಟ್ಟು, ನಾಯಕನನ್ನು ಹುರುಪಿನ ದಳದ ಜೊತೆ ಮುಂದಕ್ಕೆ ಓಡಿಸಿದೆ. ಸುಬೇದಾರರು ಮುಂದೆ ಬಂದವರ ಕಡೆ ತಿರುಗಿಯೂ ನೋಡಲಿಲ್ಲ. ಸೇತುವೆಯ ಬಳಿ ಬಿದ್ದವರ ಮೇಲೆಯೇ ಮತ್ತೆ ಮತ್ತೆ ಗುಂಡು ಹಾರಿಸಿದರು. ಒಂದೊಂದೇ ಕಾಳು ಸೇರಿತು. ಕಾಳುಗಳು ತಲೆಗಳಿಗಿಂತ ಜಾಸ್ತಿಯಾದಾಗ, “ಈಗ ಇವರ ಧೈರ್ಯದ ಪರೀಕ್ಷೆ. ದಾಳ ಹಾಕು,” ಎಂದರು. ಹಾಕಿದೆ. ಸೋತೆ. ಆ ದಳ ಹಲಗೆಯ ಅಂಚಿನಿಂದ ಆಚೆ ಓಡಿಹೋಯಿತು.

“ಪಕ್ಕದ ದಳ ಇದನ್ನು ನೋಡಿತಲ್ಲ, ಅದಕ್ಕೂ ಪರೀಕ್ಷೆ,” ಎಂದರು. ಅದೂ ಓಡಿತು. ಅದನ್ನು ನೋಡಿ ಇನ್ನೊಂದು. ನನ್ನ ನಾಯಕ ಬೆಂಕಿಪೊಟ್ಟಣದ ಮನೆಯ ಮುಂದೆ ಕೈ ಎತ್ತಿಕೊಂಡು ಒಬ್ಬನೇ ಉಳಿದ.

“ಇದೆಂಥ ಮೋಸದ ಆಟ!”

“ಹೊಸಬರು ಎಲ್ಲರೂ ಇದನ್ನೇ ಮಾಡುವುದು ಅಮ್ಮ,” ಎಂದು ಅವರು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಡಬ್ಬಿಗೆ ಹಾಕತೊಡಗಿದರು. “ನಿಂತವನ ಜೊತೆ ನಾಯಕ ಇದ್ದು ಎಂತ ಪ್ರಯೋಜನ? ಬಿದ್ದವನ ಹತ್ತಿರ ಹೋಗ್ಬೇಕು. ದೂರದಿಂದ ಕೂಗಿದ್ರೆ ಕಾಳು ಕಮ್ಮಿ ಆಗುವುದಿಲ್ಲ. ಪಕ್ಕದಲ್ಲಿ ಹೋಗಿ ನಿಂತ್ರೆ ಒಂದು ಕಾಳು ತೆಗೀಬಹುದು. ಆ ಸರದಿಯಲ್ಲಿ ಅವನು ಬೇರೆ ಎಂತದೂ ಮಾಡುವ ಹಾಗಿಲ್ಲ. ಮತ್ತೆ, ಅಲ್ಲಿ ಗುಂಡು ಅವನ ಮೇಲೂ ಬೀಳ್ತದೆ.”

“ನೀವು ಹೀಗೆ ಮಲಗಿದ್ರಾ ಯಾವಾಗಾದ್ರೂ?” ಎಂದು ನಾನು ಕೇಳಿಯೇಬಿಟ್ಟೆ. ನನ್ನ ಬಾಯಿ ಹಾಗೆಯೇ.

“ಹೂಂ. ಎಲ್ಲಿ, ಯಾವಾಗ ಅಂತ ಕೇಳ್ಬೇಡ,” ಎಂದು ಅವರು ಡಬ್ಬಿಯ ಮುಚ್ಚಳ ಒತ್ತಿದರು.

ಅವರು ಮತ್ತೆ ಮತ್ತೆ ಬಂದರು. ನಾನು ಮತ್ತೆ ಮತ್ತೆ ಸೋತೆ. ಸಾಹುಕಾರರ ಗಡುವು ಹತ್ತಿರವಾಗುತ್ತಿತ್ತು, ಹಾಗಿರುವಾಗ ಸೀಸದ ಗೊಂಬೆಗಳನ್ನು ಮುಂದಿಟ್ಟುಕೊಂಡು ಕೂತಿರುವ ನನಗೆ ಬುದ್ಧಿ ಇದೆಯೇ ಎಂದು ನನಗೇ ಅನಿಸುತ್ತಿತ್ತು. ಆದರೂ ಆಡಿದೆ. ಆ ಹಲಗೆಯ ಮುಂದೆ ಕೂತಷ್ಟು ಹೊತ್ತು ಮನೆಯಲ್ಲಿ ಒಂದು ಮಾತಾದರೂ ಇರುತ್ತಿತ್ತು.

ಒಂದು ಮಧ್ಯಾಹ್ನ ನನ್ನ ದಳ ಪಾಚಿಯ ಪೊದೆಯಲ್ಲಿ ಸಿಕ್ಕಿಬಿದ್ದಿತ್ತು. ಒಳ್ಳೆಯ ದಾಳ ಬಿದ್ದರೆ ಎದ್ದಾರು ಎಂದು ನಾನು ದಾಳವನ್ನು ಕೈಯಲ್ಲಿ ಕುಲುಕುತ್ತಿದ್ದೆ.

“ಅವ್ರು ಏಳಲ್ಲ,” ಎಂಬ ದನಿ ಹಿಂದಿನಿಂದ ಕೇಳಿತು.

ಇವರು ಒಳಬಾಗಿಲಿಗೆ ಒರಗಿ ನಿಂತಿದ್ದರು. ಯಾವಾಗ ಬಂದರೋ ತಿಳಿಯಲಿಲ್ಲ. ಗಡ್ಡ ಬೆಳೆದು ಬೇರೆ ಯಾರೋ ಅನಿಸುತ್ತಿತ್ತು. ಕಣ್ಣು ಮಾತ್ರ ಆ ಪೊದೆಯ ಮೇಲೆಯೇ ಇತ್ತು.

“ಮುಖ ನೆಲಕ್ಕೆ ಒತ್ತಿರುತ್ತೆ. ತರಗೆಲೆ ವಾಸನೆ ಬರ್ತಿರುತ್ತೆ. ಆ ವಾಸನೆ ಬರ್ತಿರೋವರೆಗೂ ಜೀವ ಇದೆ ಅಂತ ಗೊತ್ತಾಗ್ತಿರುತ್ತೆ. ಎದ್ರೆ ಅದು ಹೋಗ್ಬಿಡುತ್ತೆ. ಅದಕ್ಕೇ ಏಳಲ್ಲ,” ಎಂದರು.

ಸುಬೇದಾರರು ತಲೆ ಎತ್ತಲಿಲ್ಲ. ಒಂದು ಕಾಳುಮೆಣಸನ್ನು ಬೆರಳುಗಳ ನಡುವೆ ತಿರುಗಿಸುತ್ತ, “ಮತ್ತೆ ಆನೆ?” ಎಂದು ಮೆಲ್ಲಗೆ ಕೇಳಿದರು.

“ಅದೂ ಹೆದರಿತ್ತು,” ಎಂದರು ಇವರು. “ಗರ್ನಾಲು ಹೊಡ್ದಿದ್ದು ರಸ್ತೆ ಕಡೆಯಿಂದ. ಕೆಳಗೆ ಹಳ್ಳ, ಆ ತೋಡಿನ ಕಡೆ ಹೊಸಾ ಬೇಲಿ. ಅದು ಎಲ್ಲಿಗೆ ಹೋಗ್ಬೇಕು? ಎಲ್ಲೂ ಹೋಗಕ್ಕಾಗ್ದೆ ಅಲ್ಲೇ ನಿಂತಿತ್ತು, ಉಸಿರು ಬಿಡ್ದೆ. ಸದ್ದಿಲ್ಲ ಅಂದ್ರೆ ಹೋಯ್ತು ಅಂತ ನಾವು ಅನ್ಕೊಂಡ್ವಿ.”

ಅಷ್ಟು ಹೇಳಿ ಮತ್ತೆ ಹೋಗಿ ಮಲಗಿದರು. ಅಷ್ಟು ದಿನಗಳಲ್ಲಿ ಇವರು ಆಡಿದ ಮಾತೆಲ್ಲ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ನನಗೆ ಎದೆ ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು. ನನ್ನ ಹತ್ತಿರ ಹೇಳದ್ದನ್ನು ಗೊಂಬೆಗಳ ಮುಂದೆ ಹೇಳಿದರಲ್ಲ!

ಮಾತೇನೋ ಬಂತು, ಕಾಲು ಬರಲಿಲ್ಲ. ಅಂಗಳದವರೆಗೆ ಬರತೊಡಗಿದರು, ಒಂದು ದಿನ ಬಸಳೆ ಚಪ್ಪರದವರೆಗೂ ಬಂದರು. ದೂರದಲ್ಲಿ ಯಾವುದೋ ತೋಟದಲ್ಲಿ ಗರ್ನಾಲಿನ ಸದ್ದಾಯಿತು. ಚಪ್ಪರದ ಕಂಬ ಹಿಡಿದು ಕುಸಿದರು. ಮತ್ತೆ ಮಂಚ, ಮತ್ತೆ ಗೋಡೆ. ಅಷ್ಟರಲ್ಲಿ ರೋಬಸ್ಟಾ ಕೆಂಪಗೆ ಹಣ್ಣಾಗಿ ಕೊಯ್ಲಿಗೆ ಬಂದಿತ್ತು.

ನಾನು ಸಾಹುಕಾರರ ಬಂಗಲೆಗೆ ಹೋಗಿ ನಿಂತೆ. “ಇವರು ಸುಧಾರಿಸ್ಕೊಳ್ಳೋವರೆಗೂ ಹಾಜರಿ ನಾನೇ ತೆಗೀತೀನಿ. ಲೈನ್ ಮನೆ ಕೆಲಸದವ್ರೆಲ್ಲ ನನಗೆ ಗೊತ್ತು. ತೂಕಾನೂ ಗೊತ್ತು. ಒಂದು ಅವಕಾಶ ಕೊಡಿ ಸಾವ್ಕಾರ್ರೆ,” ಎಂದೆ. ಅವರು ಗಲ್ಲ ತುರಿಸಿಕೊಂಡು, “ಒಂದು ವಾರ ನೋಡುವ,” ಎಂದರು.

ಬೆಳಿಗ್ಗೆ ಇವರ ಹಳೆಯ ಸ್ವೆಟರನ್ನು ಸೀರೆಯ ಮೇಲೆ ಹಾಕಿಕೊಂಡು, ಇವರ ಸೀಟಿಯನ್ನು ಕೊರಳಿಗೆ ಹಾಕಿಕೊಂಡೆ. ಇವರು ಮಂಚದಿಂದ ಎದ್ದು ನನ್ನ ಕೈ ಹಿಡಿದರು.

“ಹೋಗ್ಬೇಡ ಕಣೇ.”

“ನೀವು ಹೋಗೋ ಹಾಗಿದ್ದಿದ್ರೆ ನಾನ್ಯಾಕೆ ಹೋಗ್ತಿದ್ದೆ?” ಎಂದು ಕೈ ಕೊಸರಿಕೊಂಡು ಹೊರಟೆ.

ಹಾಜರಿ ಚೆನ್ನಾಗಿಯೇ ಆಯಿತು. ಲೈನಿನ ಹೆಂಗಸರು, “ರೈಟರಮ್ಮ ಇವತ್ತು ನಿಜವಾಗ್ಲೂ ರೈಟರ್ ಆಗ್ಬಿಟ್ರು,” ಎಂದು ನಕ್ಕರು. ಅಸ್ಸಾಮಿನಿಂದ ಬಂದವರಿಗೆ ನನ್ನ ಕನ್ನಡ ಅರ್ಥವಾಗದಿದ್ದರೂ ನನ್ನ ಕೈ ಅರ್ಥವಾಯಿತು. ಬ್ಲಾಕಿನ ಬಾಯಿಗೆ ಬಂದೆವು. ವಾಚರ್ ರಸ್ತೆಯ ಕಡೆಯಿಂದ ಗರ್ನಾಲು ಹೊಡೆದ. ಎಲ್ಲರೂ ನಿಂತು ಕಿವಿಗೊಟ್ಟೆವು.

“ಹೋಯ್ತಾ?” ಎಂದು ಕೇಳಿದೆ.

“ಹೋಯ್ತು ರೈಟರಮ್ಮ, ಸದ್ದೇ ಇಲ್ಲ.”

ಇವರು ಬಾಗಿಲಿಗೆ ಒರಗಿ ಹೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು. ತೋಡಿನ ಕಡೆ ಬೇಲಿ ಇರುವುದೂ ಗೊತ್ತಿತ್ತು. ಆದರೆ ಇಷ್ಟು ಜನರ ಕಣ್ಣು ನನ್ನ ಮೇಲಿತ್ತು. ಒಂದು ಗಳಿಗೆ ಹಿಂಜರಿದರೂ ಗಂಡನಂತೆಯೇ ಹೆಂಡತಿ ಎಂದಾರು, ಸಂಜೆಯೊಳಗೆ ಮಾತು ಬಂಗಲೆ ಮುಟ್ಟೀತು. ಸೀಟಿ ಊದಿ ನಾನೇ ಮೊದಲು ಇಳಿದೆ.

ಬಹಳ ದೂರವೇನೂ ಹೋಗಿರಲಿಲ್ಲ. ಹೆಂಗಸರು ಗಿಡದ ಬುಡಕ್ಕೆ ಚೀಲ ಹಾಸುತ್ತಿದ್ದರು. ಗಾಳಿ ಇರಲಿಲ್ಲ, ಆದರೂ ನನ್ನ ಮುಂದಿನ ಒಂದು ಕಾಫಿ ಗಿಡ ಅಲುಗಿತು. ಆಮೇಲೆ ಆ ಗಿಡದ ಹಿಂದೆ ಮಣ್ಣು ಬಣ್ಣದ ಒಂದು ಹಣೆ ಕಂಡಿತು. ಅದು ಘೀಳಿಡಲಿಲ್ಲ. ಕಿವಿ ಅರಳಿಸಿ ನನ್ನನ್ನೇ ನೋಡಿತು. ಹಿಂದಿನಿಂದ ಯಾರೋ ಚೀರಿದರು, ಎಲ್ಲರೂ ಮೇಲಕ್ಕೆ, ರಸ್ತೆಗೆ ಓಡಿದರು. ಅವರ ಕಾಲಿನ ಸದ್ದು ನನಗೆ ಕೇಳಿಸುತ್ತಿತ್ತು. ನಾನೂ ಓಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ನೋಡಿದರೆ ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ ಮುದುಡಿ, ಮುಖ ನೆಲಕ್ಕೆ ಒತ್ತಿ ಬಿದ್ದಿದ್ದೆ. ಆನೆ ಬೇಲಿಯ ಉದ್ದಕ್ಕೆ ಹೋಯಿತು, ದಾರಿ ಸಿಗದೆ ತಿರುಗಿ ಬಂತು, ಮತ್ತೆ ಹೋಯಿತು. ಪ್ರತಿ ಸಲವೂ ನೆಲ ನನ್ನ ಕೆನ್ನೆಯ ಕೆಳಗೆ ಅದುರಿತು. ಕೊನೆಗೆ ಎಲ್ಲೋ ಬೇಲಿ ಕಿತ್ತ ಸದ್ದು, ನೀರಿನ ಸದ್ದು.

“ಬನ್ನಿ ರೈಟರಮ್ಮ, ಹೋಯ್ತು! ಈಗ ನಿಜವಾಗ್ಲೂ ಹೋಯ್ತು!” ಎಂದು ವಾಚರ್ ರಸ್ತೆಯಿಂದ ಕೂಗಿದ.

ಕೇಳಿಸಿತು. ಏಳಬೇಕು ಎಂದುಕೊಂಡೆ. ಕಾಲು ನನ್ನದಲ್ಲ ಅನಿಸಿತು. ಹೆಂಗಸರು ಇಳಿದು ಬಂದು, “ಏನೂ ಆಗಿಲ್ಲಮ್ಮ, ಒಂದು ಗಾಯವೂ ಇಲ್ಲ, ಏಳಿ,” ಎಂದು ತೋಳು ಹಿಡಿದು ಎಳೆದರು. ಮುಟ್ಟಬೇಡಿ ಎಂದು ನಾನು ಅವರ ಮೇಲೆ ಅರಚಿದೆ. ಉಗುರೆಲ್ಲ ಮಣ್ಣಿನೊಳಗೆ ಹೂತಿತ್ತು. ಮೂಗಿನ ತುಂಬ ತರಗೆಲೆಯ ವಾಸನೆ. ಇವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ವಾಸನೆ ಬಿಟ್ಟರೆ ಸತ್ತೇ ಹೋಗುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಮನೆ ಹೋಯಿತು, ವಾರದ ಅವಕಾಶವೂ ಮೊದಲ ದಿನವೇ ಹೋಯಿತು ಎಂಬುದೂ ತಲೆಗೆ ಬಂತು. ಅದಕ್ಕೂ ಕಾಲು ಏಳಲಿಲ್ಲ. ಅಷ್ಟು ನಿರಾಶೆಯನ್ನು ನಾನು ಬದುಕಿನಲ್ಲಿ ಕಂಡಿರಲಿಲ್ಲ. ವಾಚರ್ ಗಾಬರಿಯಾಗಿ ನಮ್ಮ ಮನೆಗೆ ಫೋನು ಮಾಡಿದನಂತೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮೊದಲು ನನಗೆ ಕಂಡದ್ದು ಎರಡು ಪಾದ. ಬರಿಗಾಲು, ಹೆಬ್ಬೆರಳು ಎಡವಿ ರಕ್ತ ಬಂದಿತ್ತು. ಇವರು! ಅಂಗಳದಾಚೆ ಕಾಲಿಡದವರು ಲುಂಗಿಯಲ್ಲೇ ಇಡೀ ತೋಟ ದಾಟಿ ಬಂದಿದ್ದರು. ನನ್ನ ಪಕ್ಕದಲ್ಲಿ, ನೆಲದ ಮೇಲೆ ಕುಸಿದು ಕೂತರು. ಏದುಸಿರು ಬಿಡುತ್ತಿದ್ದರು. ನನಗಿಂತ ಹೆಚ್ಚಾಗಿ ನಡುಗುತ್ತಿದ್ದರು. ಕಣ್ಣು ಒಂದೇ ಸಮನೆ ಗಿಡದಿಂದ ಗಿಡಕ್ಕೆ ಹೋಗುತ್ತಿತ್ತು.

“ಏಳು ಅಂತ ಹೇಳಲ್ಲ,” ಎಂದರು.

ನಾನು ಬಿಕ್ಕಿ ಬಿಕ್ಕಿ ಅತ್ತೆ. ಇವರು ನನ್ನನ್ನು ತಟ್ಟಲಿಲ್ಲ, ಎಳೆಯಲಿಲ್ಲ.

ಆಮೇಲೆ ಕೇಳಿದರು: “ಎಷ್ಟು ಕಾಳು ಬಿದ್ದಿದೆ?”

“ಹಲಗೆ ತುಂಬ.”

“ನನಗೂ,” ಎಂದರು.

ಸುಬೇದಾರರೂ ಸುದ್ದಿ ಕೇಳಿ ಬಂದರು. ನಮ್ಮಿಬ್ಬರನ್ನು ನೋಡಿದರು. ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳುತ್ತಿದ್ದವರನ್ನೆಲ್ಲ ರಸ್ತೆಗೆ ಕಳಿಸಿ, ತಾವು ದಾರಿಯ ಮಧ್ಯದಲ್ಲಿ ನಮಗೆ ಬೆನ್ನು ಹಾಕಿ ನಿಂತರು. ತುಂಬ ಹೊತ್ತಾದ ಮೇಲೆ ನಾವಿಬ್ಬರೂ ಎದ್ದೆವು. ಯಾರು ಯಾರನ್ನು ಎಬ್ಬಿಸಿದ್ದು ಎಂದು ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸರಿಹೋಯಿತು ಎಂದು ಓದಿದವರು ಅಂದುಕೊಂಡಾರು. ಸರಿಹೋಗಲಿಲ್ಲ. ಮರುದಿನ ಹಾಜರಿಯ ಗಂಟೆ ಹೊಡೆದಾಗ ಇವರು ಬೂಟು ಹಾಕಿಕೊಂಡು ಹೊಸ್ತಿಲವರೆಗೆ ಬಂದರು, ನಾನು ಸ್ವೆಟರ್ ಹಾಕಿಕೊಂಡು ಬಂದೆ. ಇಬ್ಬರೂ ಅಲ್ಲೇ ಕೂತೆವು. ಇವರ ಬೂಟಿನ ಲೇಸನ್ನು ಇವರೇ ಬಿಚ್ಚಿಕೊಂಡರು. ಕೆಲವೇ ದಿನಗಳಲ್ಲಿ ಹೊಸ ರೈಟರ್ ಬಂದ. ಪಾಪ, ಅವನಿಗೆ ಸಣ್ಣ ಕೂಸು ಬೇರೆ. ಸಾಮಾನು ಪಿಕಪ್ಪಿಗೆ ಏರಿಸುವಾಗ ಅವನ ಹೆಂಡತಿ, ಬಸಳೆಗೆ ಎಷ್ಟು ನೀರು ಹಾಕಬೇಕು ಎಂದು ಕೇಳಿದಳು. ಹೇಳಿಕೊಟ್ಟೆ. ಅವಳ ಗಂಡನಿಗೆ ಇನ್ನೊಂದು ಮಾತನ್ನೂ ಹೇಳಿದೆ: ಸದ್ದಿಲ್ಲ ಎಂದರೆ ಹೋಯಿತು ಎಂದಲ್ಲ, ಗರ್ನಾಲು ಹೊಡೆಯುವ ಮುಂಚೆ ತೋಡಿನ ಕಡೆಯ ಬೇಲಿಯ ಗೇಟು ತೆರೆಸು. ಆಯಿತಮ್ಮ ಎಂದ. ಹೆದರಿದವರ ಮಾತಿಗೆ ಎಷ್ಟು ಬೆಲೆ ಕೊಟ್ಟನೋ ದೇವರಿಗೇ ಗೊತ್ತು.

ಈಗ ಅಮ್ಮತ್ತಿ ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದೇವೆ. ಇವರು ಕೆಳಗಿನ ಅಂಗಡಿಯಲ್ಲಿ ತಕ್ಕಡಿಯ ಹತ್ತಿರ ಕೂರುತ್ತಾರೆ. ನಾನು ಬ್ಲೌಸು ಹೊಲಿಯುತ್ತೇನೆ. ಭಾನುವಾರ ಸುಬೇದಾರರು ಹಲಗೆಯನ್ನು ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ನನ್ನ ಬಾಯಿ ತೆರೆದ ನಾಯಕ ಈಗ ಯಾವ ದಳದ ಮುಂದೆಯೂ ಓಡುವುದಿಲ್ಲ, ಕಾಳು ಬಿದ್ದವರ ಪಕ್ಕದಲ್ಲೇ ಇರುತ್ತಾನೆ. ಆದರೂ ಸೋಲುತ್ತೇನೆ, ಸ್ವಲ್ಪ ನಿಧಾನವಾಗಿ ಸೋಲುತ್ತೇನೆ ಅಷ್ಟೆ. ಬೇರೆ ಊರಿಗಾದರೂ ಹೋಗೋಣ, ಆನೆ ಇಲ್ಲದ ಕಡೆ ಎಂದು ಒಮ್ಮೊಮ್ಮೆ ಮಾತಾಡುತ್ತೇವೆ. ಅಲ್ಲಿ ನಮ್ಮನ್ನು ಯಾರು ಕೇಳುತ್ತಾರೆ, ಈ ವಯಸ್ಸಿನಲ್ಲಿ ಯಾವ ಕೆಲಸ ಸಿಗುತ್ತದೆ ಎಂಬಲ್ಲಿಗೆ ಆ ಮಾತು ನಿಲ್ಲುತ್ತದೆ.

ಪೇಟೆಯಲ್ಲಿ ಮದುವೆಗಳ ಕಾಲ ಬಂದರೆ ನಮಗೆ ಕಷ್ಟ. ಎಲ್ಲೋ ಪಟಾಕಿ ಸಿಡಿಯುತ್ತದೆ. ನನ್ನ ಮಿಷನ್ನಿನ ಚಕ್ರ ನಿಂತುಹೋಗುತ್ತದೆ, ಇವರು ಹಿಡಿದ ಲೋಟ ಬಾಯಿಯವರೆಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಏನಾಯಿತು ಎಂದು ನಾವು ಕೇಳಿಕೊಳ್ಳುವುದಿಲ್ಲ. ಯಾರ ಕಾಲಿಗೆ ಮೊದಲು ಜೀವ ಬರುತ್ತದೋ ಅವರು ಎದ್ದು, ಇನ್ನೊಬ್ಬರ ಪಕ್ಕಕ್ಕೆ ಹೋಗಿ ಕೂರುತ್ತಾರೆ.